ಬಾವಿಯಿಂದ ಬಾಟಲಿಗೆ

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣದ ಒಂದು ಕೊಳವೆ ಬಾವಿಗೆ ಮೋಟಾರು ಹಾಕಿ, ಮೊದಲು ಬಂದ ನೀರನ್ನೇ ಪರೀಕ್ಷೆಗೆ ಹಿಡಿದೆವೆನ್ನೋಣ. ಅದು ಬಂಡೆಯ ಬಿರುಕಿನ ನೀರಲ್ಲ, ಬಾವಿಯೊಳಗೆ ನಿಂತಿದ್ದ ನೀರು. ಈ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ವಿಜ್ಞಾನಕ್ಕೆ ಬಹುಕಾಲ ಹಿಡಿಯಿತು.

1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಬಳಿ ಕಾಲರಾ ಹಬ್ಬಿದಾಗ ವೈದ್ಯ ಜಾನ್ ಸ್ನೋ ಅಲ್ಲಿನ ಪಂಪಿನ ನೀರನ್ನು ಪರೀಕ್ಷಿಸಿದರು. ಮೊದಲ ದಿನ ಹೇಳಿಕೊಳ್ಳುವಂಥ ಕಲ್ಮಶ ಕಾಣಲಿಲ್ಲ; ಮುಂದಿನ ಎರಡು ದಿನ ನೀರು ಬೇರೆ ಬೇರೆಯಾಗಿ ಕಂಡಿತು. ಪಂಪಿನ ಮೇಲಿನ ಸಂಶಯವನ್ನು ಗಟ್ಟಿ ಮಾಡಿದ್ದು ನೀರಲ್ಲ, ಸತ್ತವರ ಪಟ್ಟಿ.

1978ರಲ್ಲಿ ಅಮೆರಿಕದ ಲವ್ ಕೆನಾಲ್‌ನಲ್ಲಿ ಹೂತಿಟ್ಟ ರಾಸಾಯನಿಕ ತ್ಯಾಜ್ಯ ಮನೆಗಳಿಗೆ ಒಸರಿದ ಪ್ರಕರಣ ದೇಶವನ್ನೇ ಕಲಕಿತು. 1980ರಲ್ಲಿ 'ಸೂಪರ್‌ಫಂಡ್' ಕಾನೂನು ಬಂತು. ವರದಿಗಳು ನ್ಯಾಯಾಲಯದ ಮೆಟ್ಟಿಲೇರತೊಡಗಿದ ಮೇಲೆ, ಮಾದರಿ ಹೇಗೆ ತೆಗೆದಿರಿ ಎಂಬ ಪ್ರಶ್ನೆಗೂ ಉತ್ತರ ಕೊಡಬೇಕಾಯಿತು. ಬಾವಿಯಲ್ಲಿ ನಿಂತ ನೀರಿನ ಮೂರು ಪಟ್ಟು ಹೊರಹಾಕಿದ ಮೇಲೆ ಮಾದರಿ ಹಿಡಿಯುವುದು ರೂಢಿಯಾಯಿತು. 1996ರಲ್ಲಿ ಪಲ್ಸ್ ಮತ್ತು ಬಾರ್ಸಿಲೋನಾ ಬೇರೊಂದು ದಾರಿ ವಿವರಿಸಿದರು: ನಿಧಾನವಾಗಿ ಪಂಪು ಮಾಡಿ, ಪಿಎಚ್, ವಿದ್ಯುತ್ ವಾಹಕತೆ, ಕರಗಿದ ಆಮ್ಲಜನಕ ಸ್ಥಿರವಾದ ಮೇಲೆ ಮಾದರಿ ತೆಗೆಯಿರಿ.

ನಮ್ಮ ಗಟ್ಟಿಶಿಲೆಯ ಸೀಮೆಗೆ ಎರಡೂ ಸುಲಭವಲ್ಲ. ಆರೂವರೆ ಅಂಗುಲದ ಬಾವಿಯಲ್ಲಿ ಮೀಟರಿಗೆ ಸುಮಾರು 21 ಲೀಟರ್ ನೀರು ನಿಲ್ಲುತ್ತದೆ. ನೀರು 100 ಮೀಟರ್ ನಿಂತಿದ್ದರೆ ಮೂರು ಪಟ್ಟೆಂದರೆ ಸುಮಾರು 6,400 ಲೀಟರ್. ಸೆಕೆಂಡಿಗೆ ಒಂದು ಲೀಟರ್ ಎತ್ತಿದರೂ ಸುಮಾರು ಒಂದೂಮುಕ್ಕಾಲು ಗಂಟೆ. ಅಷ್ಟು ಹೊತ್ತು ತ್ರೀಫೇಸ್ ಕರೆಂಟು ಇರಬೇಕು! ನಿಧಾನದ ವಿಧಾನ ರೂಪುಗೊಂಡಿದ್ದು ಒಂದೇ ಪದರದ ನೀರು ಬರುವಂತೆ ಕಟ್ಟಿದ ವೀಕ್ಷಣಾ ಬಾವಿಗಳಿಗೆ. ನಮ್ಮವುಗಳಲ್ಲಿ ಕೇಸಿಂಗ್ ಮೇಲ್ಭಾಗಕ್ಕೆ ಮಾತ್ರ. ಕೆಳಗೆ ಹಲವು ಬಿರುಕುಗಳ ನೀರು ಬೆರೆಯುತ್ತದೆ. ಯುರೇನಿಯಂ ಅಥವಾ ಫ್ಲೋರೈಡ್ ಯಾವ ಆಳದಿಂದ ಬಂತೆಂದು ಅಂಥ ಒಂದು ಬಾಟಲಿ ಹೇಳಲಾರದು.

ಮಣ್ಣಿನಲ್ಲಿ ತೊಡಕು ಇನ್ನೊಂದು ಬಗೆಯದು. ಹೊಲದ ಹತ್ತಾರು ಕಡೆ 15 ಸೆಂಟಿಮೀಟರ್ ಅಗೆದು, ಬೆರೆಸಿ, ನಾಲ್ಕು ಪಾಲು ಮಾಡಿ ಅರ್ಧ ಕಿಲೋ ಉಳಿಸಿಕೊಳ್ಳುವುದು ರೈತರಿಗೆ ಗೊತ್ತು. ಗೊಬ್ಬರದ ಲೆಕ್ಕಕ್ಕೆ ಇದು ಸರಿ, ಮಾಲಿನ್ಯದ ತನಿಖೆಗೆ ಅಪಾಯಕರ. ಹತ್ತು ಜಾಗಗಳ ಪೈಕಿ ಒಂದರಲ್ಲಿ ಕಿಲೋಗೆ 500 ಮಿಲಿಗ್ರಾಂ ಸೀಸ, ಉಳಿದವುಗಳಲ್ಲಿ 20 ಇದ್ದರೆ, ಬೆರೆಸಿದ ಮಣ್ಣು ತೋರಿಸುವುದು 68. ವಿಷದ ಜಾಗ ಕಣ್ಮರೆಯಾಗುತ್ತದೆ.

ಬಾಟಲಿಯ ವಿಷಯವೂ ಇದೆ. ಲೋಹಗಳು ಗೋಡೆಗೆ ಅಂಟದಿರಲೆಂದು ನೈಟ್ರಿಕ್ ಆಮ್ಲ ಹಾಕುತ್ತಾರೆ. ಆದರೆ ಪೀಣ್ಯದ ಅಂತರ್ಜಲದಲ್ಲಿ ಕಂಡುಬಂದ ಆರು ವೇಲೆನ್ಸಿಯ ಕ್ರೋಮಿಯಂ ಆಮ್ಲದಲ್ಲಿ ಮೂರು ವೇಲೆನ್ಸಿಗೆ ಇಳಿಯಬಹುದು. ಅದಕ್ಕೆ ಆಮ್ಲವಿಲ್ಲದ ಬೇರೆ ಬಾಟಲಿ ಬೇಕು; ಅದನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು 24 ಗಂಟೆಯೊಳಗೆ ಪ್ರಯೋಗಾಲಯ ಮುಟ್ಟಿಸಬೇಕು.