ಕೊಲ್ಲಿಯ ಗೆರೆ ಮತ್ತು ಜೂಜಿನ ಬಿಲ್ಲೆ

ಅಮೆರಿಕದ ಹಳೆಯ ಕ್ಯಾಸಿನೊ ಚಿಪ್‌ಗಳನ್ನು, ಅಂದರೆ ಜೂಜಿನ ಬಿಲ್ಲೆಗಳನ್ನು, ಕೂಡಿಡುವವರು ಅವನ್ನು ಸಾಮಾನ್ಯವಾಗಿ ಎರಡು ಪಾಲು ಮಾಡುತ್ತಾರೆ: ಕಾನೂನಿನ ಒಪ್ಪಿಗೆ ಇದ್ದ ಮನೆಗಳವು, ಒಪ್ಪಿಗೆಯಿಲ್ಲದೆ ನಡೆದ ಅಡ್ಡೆಗಳವು. ಈ ವಿಂಗಡಣೆ ಬೇಕು. ಆದರೆ ಊರಿನ ಹೆಸರೊಂದನ್ನೇ ನೋಡಿ ಮಾಡಿದರೆ ಇತಿಹಾಸ ಸುಳ್ಳಾಗುತ್ತದೆ. ನೆವಾಡ ರಾಜ್ಯವನ್ನೇ ತೆಗೆದುಕೊಳ್ಳಿ. ಜೂಜಿಗೆ ಹೆಸರಾದ ಆ ನಾಡಿನಲ್ಲೇ 1910ರ ಅಕ್ಟೋಬರ್‌ನಲ್ಲಿ ನಿಷೇಧ ಜಾರಿಗೆ ಬಂತು. ನಡುವೆ ಕೆಲವು ಇಸ್ಪೀಟಾಟಗಳಿಗೆ ಸಡಿಲಿಕೆ ಸಿಕ್ಕರೂ ಬಾಗಿಲು ಪೂರ್ತಿ ತೆರೆದದ್ದು 1931ರ ಮಾರ್ಚ್‌ನಲ್ಲಿ. ಹಾಗಾಗಿ ಒಂದು ಬಿಲ್ಲೆ ಆ ರಾಜ್ಯದ ರೀನೋ ಊರಿನದು ಎಂದಷ್ಟೇ ಹೇಳಿದರೆ ಸಾಲದು, ವರ್ಷವೂ ಗೊತ್ತಾಗಬೇಕು.

ವರ್ಷ, ಊರು ಎರಡೂ ಗೊತ್ತಿದ್ದರೂ ತೊಡಕು ಉಳಿಯುವ ಪ್ರಸಂಗ ಕ್ಯಾಲಿಫೋರ್ನಿಯಾದ ರೆಕ್ಸ್ ಎಂಬ ಜೂಜಿನ ಹಡಗಿನದು. ಅದನ್ನು ನಡೆಸುತ್ತಿದ್ದ ಟೋನಿ ಕಾರ್ನೆರೊ 1938ರಲ್ಲಿ ಹಡಗನ್ನು ಸಾಂಟಾ ಮೋನಿಕಾ ದಡದಿಂದ ಮೂರು ಮೈಲಿಗಿಂತ ಆಚೆ ಲಂಗರು ಹಾಕಿ ನಿಲ್ಲಿಸಿದ. ರಾಜ್ಯದ ಅಧಿಕಾರ ಮೂರು ಮೈಲಿಗೆ ಮುಗಿಯುತ್ತದೆ ಎಂಬುದು ಅವನ ಲೆಕ್ಕ. ಕದ್ದುಮುಚ್ಚಿಯಲ್ಲ, ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟೇ ಜನರನ್ನು ಕರೆದ. 1939ರ ಆಗಸ್ಟ್‌ನಲ್ಲಿ ರಾಜ್ಯದ ಅಟಾರ್ನಿ ಜನರಲ್ ಅರ್ಲ್ ವಾರನ್ ಆ ಹಡಗಿನ ಮೇಲೆ ದಾಳಿ ಮಾಡಿಸಿದರು. ಅದೇ ವರ್ಷ ರಾಜ್ಯದ ಸುಪ್ರೀಂ ಕೋರ್ಟ್, ಅಳತೆ ಶುರುವಾಗಬೇಕಾದದ್ದು ದಡದಿಂದಲ್ಲ, ಸಾಂಟಾ ಮೋನಿಕಾ ಕೊಲ್ಲಿಯ ಎರಡು ಭೂಶಿರಗಳ ನಡುವೆ ಎಳೆದ ಗೆರೆಯಿಂದ ಎಂದಿತು. ಕೊಲ್ಲಿಯ ನೀರೆಲ್ಲ ಕ್ಯಾಲಿಫೋರ್ನಿಯಾಕ್ಕೆ ಸೇರಿತು. ಹಾಗಾದರೆ ಮೊದಲ ದಿನದಿಂದಲೇ ಅದು ಅಕ್ರಮ, ಚರ್ಚೆಯೇಕೆ ಎಂದು ಯಾರಾದರೂ ಕೇಳಬಹುದು. ಕಾನೂನಿನ ದೃಷ್ಟಿಯಲ್ಲಿ ಅದು ಸರಿ. ಆದರೆ ಆ ಹಡಗಿನ ಬಿಲ್ಲೆಗಳಿಗೆ ಅಂಟಿಸುವ ಸಂಗ್ರಹದ ಚೀಟಿಯಲ್ಲಿ ‘ಅಕ್ರಮ’ ಎಂಬ ಒಂದೇ ಪದ ಬರೆದರೆ, ಗಡಿ ವಿವಾದದಲ್ಲಿತ್ತು ಎಂಬ ಮುಖ್ಯ ಸಂಗತಿಯೇ ಅಳಿಸಿಹೋಗುತ್ತದೆ. ತೀರ್ಪು ಮತ್ತು ಅದಕ್ಕೆ ಮುಂಚಿನ ನಂಬಿಕೆ, ಎರಡೂ ಅಲ್ಲಿ ದಾಖಲಾಗಬೇಕು.

ಇಷ್ಟು ಸೂಕ್ಷ್ಮಕ್ಕೆ ಪುರಾವೆ ಎಲ್ಲಿದೆ ಎಂಬುದು ಇದಕ್ಕಿಂತ ಗಟ್ಟಿಯಾದ ಆಕ್ಷೇಪ. ಅಕ್ರಮ ಅಡ್ಡೆಗಳ ಬಿಲ್ಲೆಗಳ ಮೇಲೆ ಸಾಮಾನ್ಯವಾಗಿ ಪೂರ್ತಿ ಹೆಸರಿರುವುದಿಲ್ಲ. ಒಂದೆರಡು ಅಕ್ಷರವೋ ಚಿತ್ರವೋ ಇರುತ್ತದೆ, ಅಷ್ಟೇ. ಪೊಲೀಸರ ಕೈಗೆ ಸಾಕ್ಷ್ಯ ಕೊಡಲು ಯಾರಿಗೆ ಮನಸ್ಸಿತ್ತು? ಇಲ್ಲಿ ನೆರವಾಗುವುದು ತಯಾರಕರ ಆರ್ಡರ್ ದಾಖಲೆ. ಷಿಕಾಗೊದ ಮೇಸನ್, ಲಾಸ್ ಏಂಜಲೀಸ್‌ನ ಟಿ. ಆರ್. ಕಿಂಗ್ ಕಂಪನಿಗಳ ಕಡತಗಳು ಉಳಿದಿದ್ದರಿಂದ ಎಷ್ಟೋ ಬಿಲ್ಲೆಗಳು ಹೋದ ವಿಳಾಸ ಸಿಕ್ಕಿದೆ. ಆದರೆ ತರಿಸಿದವನು ಬರೀ ವ್ಯಾಪಾರಿಯಾಗಿರಬಹುದು, ಮನೆಯಲ್ಲಿ ಪೋಕರ್ ಆಡುವವನೂ ಆಗಿರಬಹುದು. ಅಂಥ ಬಿಲ್ಲೆಗಳನ್ನು ‘ಮೂಲ ತಿಳಿಯದವು’ ಎಂದು ಬೇರೆಯೇ ಇಡಬೇಕು. ಅಕ್ರಮದ ಹಣೆಪಟ್ಟಿ ಹಚ್ಚಿದರೆ ಬೆಲೆ ಏರುತ್ತದೆಂಬ ಆಸೆ ಇದಕ್ಕೆ ಅಡ್ಡ ಬರುತ್ತದೆ. ಆ ಆಸೆಗೆ ಮಣಿಯುವುದು ಇತಿಹಾಸಕ್ಕೆ ಮಾಡುವ ದ್ರೋಹ.

ಇನ್ನೊಂದು ತೊಡಕು, ಎಲ್ಲರ ಕಣ್ಣೆದುರೇ ನಡೆದ ಅಕ್ರಮದ್ದು. ಅರ್ಕನ್ಸಾ ರಾಜ್ಯದ ಹಾಟ್ ಸ್ಪ್ರಿಂಗ್ಸ್ ಊರಿನಲ್ಲಿ ಜೂಜಿಗೆ ರಾಜ್ಯದ ನಿಷೇಧವಿದ್ದರೂ ಕ್ಲಬ್ಬುಗಳು ಹಾಡುಹಗಲೇ ನಡೆದವು. ಅವಕ್ಕೆ ಬೀಗ ಬಿದ್ದದ್ದು 1967ರಲ್ಲಿ, ಗವರ್ನರ್ ವಿನ್ತ್ರಾಪ್ ರಾಕ್‌ಫೆಲರ್ ಕಾಲದಲ್ಲಿ. ಊರೇ ಒಪ್ಪಿದ್ದನ್ನು ಅರೆಸಕ್ರಮ ಎನ್ನೋಣ ಎಂಬ ಸಲಹೆಯನ್ನು ನಾನು ಒಪ್ಪಲಾರೆ. ಅಧಿಕಾರಿಗಳು ಕಣ್ಣುಮುಚ್ಚಿಕೊಂಡರೆ ಅದು ಪರವಾನಗಿಯಾಗುವುದಿಲ್ಲ. ಆ ಬಿಲ್ಲೆಗಳು ಅಕ್ರಮದ ಪಾಲಿನಲ್ಲೇ ಇರಲಿ, ಯಾರು ಎಷ್ಟು ಕಾಲ ಕಣ್ಣುಮುಚ್ಚಿಕೊಂಡಿದ್ದರು ಎಂಬುದೂ ಪಕ್ಕದಲ್ಲೇ ಬರೆದಿರಲಿ.