ಮಲೆನಾಡಿನಿಂದ ಹೊರರಾಜ್ಯಗಳಿಗೆ ಸರಕು ಸಾಗಣೆ: ರಾಷ್ಟ್ರೀಯ ರಹದಾರಿ ಮತ್ತು ಘಟ್ಟ ರಸ್ತೆಗಳು

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಪ್ರಮುಖ ವಾಣಿಜ್ಯ ಬೆಳೆಯಾದ ಅಡಿಕೆಯು ಲಾರಿಗಳ ಮೂಲಕ ಹೊರರಾಜ್ಯಗಳ ಮಾರುಕಟ್ಟೆಗಳನ್ನು ತಲುಪುತ್ತದೆ. ರಾಜ್ಯದ ಗಡಿ ದಾಟುವ ಸರಕು ವಾಹನಗಳ ಮಾಲೀಕರು ಈ ಕೆಳಕಂಡ ಅಂಶಗಳನ್ನು ತಿಳಿದಿರುವುದು ಅವಶ್ಯಕ.

ಪ್ರಮುಖ ಮಾರ್ಗಗಳು

1. ಸಾಗರ: ರಾಷ್ಟ್ರೀಯ ಹೆದ್ದಾರಿ 69 (ಹಿಂದಿನ ಸಂಖ್ಯೆ 206). ಹೊನ್ನಾವರದಿಂದ ಸಾಗರ, ಶಿವಮೊಗ್ಗ ಮೂಲಕ ಆಂಧ್ರಪ್ರದೇಶದ ಚಿತ್ತೂರಿನವರೆಗೆ.
2. ಹೊಸನಗರ: ರಾಷ್ಟ್ರೀಯ ಹೆದ್ದಾರಿ 766ಸಿ. ಬೈಂದೂರಿನಿಂದ ಕೊಲ್ಲೂರು, ನಾಗೋಡಿ ಘಟ್ಟ, ಹೊಸನಗರ ಮೂಲಕ ರಾಣೆಬೆನ್ನೂರಿಗೆ.
3. ತೀರ್ಥಹಳ್ಳಿ: ರಾಷ್ಟ್ರೀಯ ಹೆದ್ದಾರಿ 169ಎ. ಆಗುಂಬೆ ಘಟ್ಟದ ಮೂಲಕ ಉಡುಪಿ, ಮಲ್ಪೆಗೆ.

ಕರಾವಳಿ ಮಾರ್ಗವಾಗಿ ಗೋವಾ ಅಥವಾ ಕೇರಳಕ್ಕೆ ಹೋಗುವ ವಾಹನಗಳು ಘಟ್ಟವಿಳಿದು ರಾಷ್ಟ್ರೀಯ ಹೆದ್ದಾರಿ 66ನ್ನು ಸೇರಬೇಕು.

ರಾಷ್ಟ್ರೀಯ ರಹದಾರಿ

ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 88(12)ರಡಿ ಈ ರಹದಾರಿಯನ್ನು ನೀಡಲಾಗುತ್ತದೆ. ಒಟ್ಟು ತೂಕ 3,000 ಕಿ.ಗ್ರಾಂ. ಮೀರದ ಸರಕು ವಾಹನಗಳಿಗೆ ರಹದಾರಿಯ ಅಗತ್ಯವಿರುವುದಿಲ್ಲ. ರಹದಾರಿಯ ಅವಧಿ 5 ವರ್ಷ. ಆದರೆ ಅದರೊಂದಿಗೆ ಪಡೆಯುವ ಅಧಿಕಾರ ಪತ್ರವು ಒಮ್ಮೆಗೆ ಗರಿಷ್ಠ 1 ವರ್ಷಕ್ಕೆ ಮಾತ್ರ ಸಿಂಧುವಾಗಿರುತ್ತದೆ. 2010ರ ಮೇ ತಿಂಗಳಿನಿಂದ ಜಾರಿಗೆ ಬಂದ ವ್ಯವಸ್ಥೆಯಲ್ಲಿ ಪ್ರತಿ ರಾಜ್ಯಕ್ಕೂ ಪ್ರತ್ಯೇಕ ತೆರಿಗೆ ಪಾವತಿಸುವ ಬದಲು ಒಂದೇ ಸಂಯೋಜಿತ ಶುಲ್ಕ ಪಾವತಿಸಿದರೆ ಸಾಕು.

ವಾಹನದ ವಯೋಮಿತಿ: 12 ವರ್ಷ, ಬಹು ಅಚ್ಚುಗಳ ವಾಹನಗಳಿಗೆ 15 ವರ್ಷ.

ಅರ್ಜಿ: ರಹದಾರಿಗೆ ನಮೂನೆ 48, ಅಧಿಕಾರ ಪತ್ರಕ್ಕೆ ನಮೂನೆ 46.

ನವೀಕರಣ: ರಹದಾರಿಯ ಅವಧಿ ಮುಗಿಯುವ ಕನಿಷ್ಠ 15 ದಿನ ಮೊದಲು ಅರ್ಜಿ ಸಲ್ಲಿಸತಕ್ಕದ್ದು.

ವಾಹನದಲ್ಲಿ ಇರಬೇಕಾದ ದಾಖಲೆಗಳು

ನೋಂದಣಿ ಪತ್ರ, ಅರ್ಹತಾ ಪತ್ರ, ವಿಮೆ, ಹೊಗೆ ತಪಾಸಣಾ ಪತ್ರ, ರಹದಾರಿ, ಅಧಿಕಾರ ಪತ್ರ ಹಾಗೂ ಚಾಲಕರ ಪರವಾನಗಿ. 50,000 ರೂ. ಮೀರಿದ ಮೌಲ್ಯದ ಸರಕಿನ ಅಂತರರಾಜ್ಯ ಸಾಗಣೆಗೆ 2018ರ ಏಪ್ರಿಲ್ 1ರಿಂದ ಇ-ವೇ ಬಿಲ್ ಸಹ ಕಡ್ಡಾಯವಾಗಿದೆ.

ಮುಖ್ಯ ಸೂಚನೆ

ರಾಷ್ಟ್ರೀಯ ರಹದಾರಿಯು ಎಲ್ಲಾ ರಸ್ತೆಗಳಲ್ಲಿ ಸಂಚರಿಸಲು ನೀಡಿದ ಅನುಮತಿಯಲ್ಲ. ಕಾಯ್ದೆಯ ಕಲಂ 115ರಡಿ ಸಾರ್ವಜನಿಕ ಸುರಕ್ಷತೆಗಾಗಿ ಯಾವುದೇ ರಸ್ತೆಯಲ್ಲಿ ವಾಹನ ಸಂಚಾರವನ್ನು ನಿರ್ಬಂಧಿಸಬಹುದಾಗಿದೆ. 14 ಕಡಿದಾದ ತಿರುವುಗಳಿರುವ ಆಗುಂಬೆ ಘಟ್ಟದಲ್ಲಿ ಭಾರಿ ವಾಹನಗಳಿಗೆ ನಿರ್ಬಂಧವಿದೆ. ಮಳೆಗಾಲದಲ್ಲಿ ಗುಡ್ಡ ಕುಸಿತದಿಂದಾಗಿ ಹುಲಿಕಲ್ (ಬಾಳೆಬರೆ) ಘಟ್ಟದಲ್ಲಿಯೂ ಸಂಚಾರ ಸ್ಥಗಿತಗೊಂಡ ಸಂದರ್ಭಗಳಿವೆ. ಘಟ್ಟದ ಬುಡದಲ್ಲಿ ತಡೆಯಲ್ಪಟ್ಟ ಲಾರಿಯು ಬಹುದೂರ ಸುತ್ತಿ ಬರಬೇಕಾಗುವುದಲ್ಲದೆ, ತಡವಾದಲ್ಲಿ ಇ-ವೇ ಬಿಲ್ಲಿನ ಅವಧಿಯೂ ಮೀರಬಹುದು. ಆದ್ದರಿಂದ ಸರಕು ತುಂಬುವ ಮುನ್ನವೇ ಶಿವಮೊಗ್ಗ ಮತ್ತು ಉಡುಪಿ ಜಿಲ್ಲಾಧಿಕಾರಿಗಳ ಚಾಲ್ತಿ ಆದೇಶಗಳನ್ನು ಪರಿಶೀಲಿಸಿಕೊಳ್ಳತಕ್ಕದ್ದು.