ಎತ್ತರ ಹೇಳದ ವಿಮಾನಗಳು

ಆಕಾಶ ವಿಶಾಲವಾದುದು, ಅಲ್ಲಿ ಎರಡು ವಿಮಾನಗಳು ಒಂದೇ ಕ್ಷಣದಲ್ಲಿ ಒಂದೇ ಬಿಂದುವನ್ನು ತಲಪುವುದು ಅಸಂಭವ ಎಂದು ನಿಮಗೆ ಅನಿಸಬಹುದು. ಆದರೆ ವಿಮಾನಗಳು ಆಕಾಶದ ತುಂಬ ಸಮನಾಗಿ ಹರಡಿರುವುದಿಲ್ಲ. ನಿಲ್ದಾಣಗಳ ಸುತ್ತ ಮತ್ತು ಜನಪ್ರಿಯ ಮಾರ್ಗಗಳಲ್ಲಿ ಅವು ದಟ್ಟವಾಗಿರುತ್ತವೆ. 1956ರ ಜೂನ್ 30ರಂದು ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಮೇಲೆ ಎರಡು ಪ್ರಯಾಣಿಕ ವಿಮಾನಗಳು ಡಿಕ್ಕಿಯಾಗಿ 128 ಮಂದಿ ಸತ್ತರು. ಅಲ್ಲಿ ಆಗ ಚಾಲಕರ ಕಣ್ಣೇ ಏಕೈಕ ರಕ್ಷಣೆಯಾಗಿತ್ತು.

ಅದೇ ದಶಕದಲ್ಲಿ ಬೆಂಡಿಕ್ಸ್ ಕಂಪನಿಯ ವಿಜ್ಞಾನಿ ಮೊರೆಲ್ ಒಂದು ಸರಳ ವಿಚಾರವನ್ನು ಮುಂದಿಟ್ಟರು. ಅಪಾಯವನ್ನು ಅಳೆಯಬೇಕಾದುದು ದೂರದಿಂದಲ್ಲ, ಉಳಿದಿರುವ ಕಾಲದಿಂದ. ಎರಡು ವಿಮಾನಗಳ ನಡುವಿನ ದೂರವನ್ನು ಅವು ಸಮೀಪಿಸುತ್ತಿರುವ ವೇಗದಿಂದ ಭಾಗಿಸಿದರೆ ಈ ಕಾಲ ದೊರೆಯುತ್ತದೆ. ಎದುರುಬದುರಾಗಿ ಸೆಕೆಂಡಿಗೆ 150 ಮೀಟರ್ ವೇಗದಲ್ಲಿ ಬರುತ್ತಿರುವ ಎರಡು ವಿಮಾನಗಳ ನಡುವೆ 9 ಕಿ.ಮೀ. ಅಂತರವಿದ್ದರೆ ಉಳಿದಿರುವುದು ಕೇವಲ 30 ಸೆಕೆಂಡು!

ದೂರವನ್ನು ತಿಳಿಯುವುದು ಹೇಗೆ? ಒಂದು ವಿಮಾನದ ಉಪಕರಣ 1030 ಮೆಗಾಹರ್ಟ್ಸ್‌ನಲ್ಲಿ ಪ್ರಶ್ನೆ ಕಳಿಸುತ್ತದೆ. ಇನ್ನೊಂದರ ಟ್ರಾನ್ಸ್‌ಪಾಂಡರ್ 1090 ಮೆಗಾಹರ್ಟ್ಸ್‌ನಲ್ಲಿ ಉತ್ತರಿಸುತ್ತದೆ. ಪ್ರಶ್ನೋತ್ತರಕ್ಕೆ ಹಿಡಿದ ಕಾಲವೇ ದೂರವನ್ನು ಹೇಳುತ್ತದೆ. ಎತ್ತರವನ್ನು ಮಾತ್ರ ಆ ಇನ್ನೊಂದು ವಿಮಾನವೇ ತಿಳಿಸಬೇಕು. ಇಲ್ಲೊಂದು ಸೂಕ್ಷ್ಮವಿದೆ, ಗಮನಿಸಿ. ಉತ್ತರಿಸುವ ಪೆಟ್ಟಿಗೆ ಎದುರಿನ ವಿಮಾನದಲ್ಲಿ ಇಲ್ಲದಿದ್ದರೆ ನಮ್ಮ ಉಪಕರಣ ಕುರುಡು. ಎತ್ತಿನಗಾಡಿಯ ಹಿಂದೆ ತೂಗುಹಾಕಿದ ಲಾಂದ್ರ ಗಾಡಿಯವನಿಗೆ ದಾರಿ ತೋರದು; ಹಿಂದೆ ಬರುವ ಲಾರಿಯವನಿಗೆ ಗಾಡಿಯನ್ನು ತೋರುತ್ತದೆ. ಖರ್ಚು ಒಬ್ಬನದು, ಲಾಭ ಇಬ್ಬರದು. ಆದ್ದರಿಂದಲೇ ಇದನ್ನು ಇಚ್ಛೆಗೆ ಬಿಡಲಾಗದು, ಕಾನೂನು ಬೇಕಾಗುತ್ತದೆ.

ಕಾನೂನು ಬಂದದ್ದು ಸಾವುಗಳ ನಂತರ. 1986ರ ಆಗಸ್ಟ್ 31ರಂದು ಲಾಸ್ ಏಂಜಲೀಸ್ ಸಮೀಪದ ಸೆರಿಟೋಸ್‌ನಲ್ಲಿ ಏರೊಮೆಕ್ಸಿಕೊದ ಡಿಸಿ-9 ವಿಮಾನಕ್ಕೂ ಪುಟ್ಟ ಪೈಪರ್ ವಿಮಾನಕ್ಕೂ ಡಿಕ್ಕಿಯಾಗಿ, ನೆಲದ ಮೇಲಿದ್ದ 15 ಮಂದಿ ಸೇರಿ 82 ಜನ ಮಡಿದರು. ಪೈಪರ್‌ನಲ್ಲಿ ಟ್ರಾನ್ಸ್‌ಪಾಂಡರ್ ಇತ್ತು. ಆದರೆ ಅದು ಎತ್ತರವನ್ನು ಹೇಳುತ್ತಿರಲಿಲ್ಲ. 1987ರಲ್ಲಿ ಅಮೆರಿಕದ ಸಂಸತ್ತು ಕಾಯಿದೆ ಮಾಡಿತು. 1989ರಿಂದ ದೊಡ್ಡ ನಿಲ್ದಾಣಗಳ ಸುತ್ತ 30 ನಾಟಿಕಲ್ ಮೈಲಿಯೊಳಗೆ ಹಾರುವ ಬಹುತೇಕ ಸಣ್ಣ ವಿಮಾನಗಳಿಗೂ ಎತ್ತರ ಹೇಳುವ ಟ್ರಾನ್ಸ್‌ಪಾಂಡರ್ ಕಡ್ಡಾಯವಾಯಿತು. 30ಕ್ಕಿಂತ ಹೆಚ್ಚು ಆಸನಗಳ ಪ್ರಯಾಣಿಕ ವಿಮಾನಗಳಿಗೆ 1993ರ ಕೊನೆಯೊಳಗೆ 'ಏರು' ಅಥವಾ 'ಇಳಿ' ಎಂದು ಆದೇಶಿಸುವ ಟಿಕ್ಯಾಸ್-2 ಕಡ್ಡಾಯ. 10ರಿಂದ 30 ಆಸನಗಳವಕ್ಕೆ 1995ರ ಕೊನೆಯೊಳಗೆ ಎಚ್ಚರಿಕೆ ಮಾತ್ರ ನೀಡುವ ಟಿಕ್ಯಾಸ್-1. ಇನ್ನೂ ಸಣ್ಣ ವಿಮಾನಗಳಿಗೆ ಟಿಕ್ಯಾಸ್ ನಿಯಮವಿರಲಿಲ್ಲ.

ನಮ್ಮ ದೇಶ ಬೆಲೆ ತೆತ್ತದ್ದು 1996ರ ನವೆಂಬರ್ 12ರಂದು. ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಸೌದಿ ಮತ್ತು ಕಜಕಸ್ತಾನದ ವಿಮಾನಗಳು ಡಿಕ್ಕಿಯಾಗಿ 349 ಮಂದಿ ಸತ್ತರು. ಎತ್ತರ ತೋರಿಸುವ ದ್ವಿತೀಯಕ ರೇಡಾರ್ ಆಗ ದೆಹಲಿಯಲ್ಲಿ ಬಳಕೆಯಲ್ಲಿರಲಿಲ್ಲ. ಆನಂತರ ಇಲ್ಲಿಯೂ ಡಿಕ್ಕಿ ತಡೆ ಉಪಕರಣ ಕಡ್ಡಾಯವಾಯಿತು.

ಸಣ್ಣ ವಿಮಾನಗಳ ಕಥೆ ಮುಗಿಯಲಿಲ್ಲ. 2019ರ ಮೇ 13ರಂದು ಅಲಾಸ್ಕದ ಕೆಚಿಕನ್ ಬಳಿ ಪ್ರವಾಸಿಗರನ್ನು ಹೊತ್ತ ಎರಡು ನೀರ್ವಿಮಾನಗಳು ಡಿಕ್ಕಿಯಾಗಿ ಆರು ಮಂದಿ ಸತ್ತರು. ಎರಡರಲ್ಲೂ ಉಪಗ್ರಹ ಆಧಾರಿತ ಎಡಿಎಸ್-ಬಿ ಉಪಕರಣವಿತ್ತು. ಆದರೆ ಒಂದು ತನ್ನ ಎತ್ತರವನ್ನು ಬಿತ್ತರಿಸುತ್ತಿರಲಿಲ್ಲ. ಸೆರಿಟೋಸ್ ಕಳೆದು 33 ವರ್ಷಗಳಾಗಿದ್ದರೂ ಕೊರತೆ ಅದೇ! ಇಂಥ ಪ್ರವಾಸಿ ವಿಮಾನಗಳಿಗೆ ತನ್ನ ಸ್ಥಾನ ಬಿತ್ತರಿಸುವ ಭಾಗವಷ್ಟೇ ಅಲ್ಲದೆ, ಇತರರ ಸ್ಥಾನ ಗ್ರಹಿಸಿ ಚಾಲಕನನ್ನು ಎಚ್ಚರಿಸುವ ಭಾಗವೂ ಕಡ್ಡಾಯವಾಗಲಿ ಎಂದು ಅಮೆರಿಕದ ತನಿಖಾ ಮಂಡಳಿ ಶಿಫಾರಸು ಮಾಡಿತು.

ಈ ಇತಿಹಾಸವನ್ನು ತರಗತಿಯಲ್ಲಿ ಚರ್ಚಿಸಿ. ತತ್ತ್ವ 1950ರ ದಶಕದ್ದು, ನಿಯಮ ಮೂವತ್ತು ವರ್ಷ ತಡವಾದದ್ದು. ಆಸನಗಳನ್ನು ಎಣಿಸಿ ನಿಯಮದ ಗೆರೆ ಎಳೆದೆವು. ಡಿಕ್ಕಿಗೆ ಬೇಕಾದುದು ಎರಡು ವಿಮಾನಗಳು ಮಾತ್ರ. ಅವುಗಳಲ್ಲಿ ಎಷ್ಟು ಆಸನಗಳಿವೆ ಎಂದು ಅದು ಕೇಳುವುದಿಲ್ಲ.